ಹಬ್ಬದ ಗಡಿಬಿಡಿಯಲ್ಲಿ ನಾಯಿ, ಪೋನಿಗಳ ಆರೈಕೆ ಹೇಗೆ?

ಕ್ರಿಸ್ಮಸ್ ಹತ್ತಿರ ಬಂತೆಂದರೆ ಕೆಲಸ ಜಾಸ್ತಿ, ಹೊತ್ತು ಕಡಿಮೆ. ನೆಂಟರು ಬರುವವರಿದ್ದಾರೆ, ಅಡುಗೆ ಆಗಬೇಕು, ಮನೆ ಸಿಂಗರಿಸಬೇಕು. ಅತ್ತ ಲಾಯದಲ್ಲಿ ಪೋನಿಗಳು (ಗಿಡ್ಡ ತಳಿಯ ಕುದುರೆಗಳು), ಇತ್ತ ಬಾಗಿಲಲ್ಲಿ ನಾಯಿಗಳು ಕಾಯುತ್ತಿರುತ್ತವೆ. ಇಂಥ ದಿನ ಮೈ ಉಜ್ಜುವುದು, ಸವಾರಿ, ತರಬೇತಿ ಎಲ್ಲವನ್ನೂ ನಾಳೆಗೆ ಬಿಡಬಹುದು. ಹುಲ್ಲು, ನೀರು, ಒಮ್ಮೆ ಕಣ್ಣಿಟ್ಟು ನೋಡುವುದು, ಈ ಮೂರನ್ನು ಮಾತ್ರ ಬಿಡಬಾರದು.

ಹಿಂದಿನ ರಾತ್ರಿಯೇ ಅರ್ಧ ಕೆಲಸ

ಮರುದಿನಕ್ಕೆ ಬೇಕಾದ ಒಣಹುಲ್ಲನ್ನು ತೂಗಿ ಬಲೆಗಳಲ್ಲಿ ತುಂಬಿಡಿ. ಪೋನಿಗೆ ದಿನಕ್ಕೆ ಅದರ ತೂಕದ ನೂರಕ್ಕೆ 1.5ರಿಂದ 2 ಭಾಗದಷ್ಟು ಹುಲ್ಲು ಬೇಕು. ಅಂದರೆ 200 ಕೆ.ಜಿ. ತೂಗುವ ಪೋನಿಗೆ ಸುಮಾರು 3ರಿಂದ 4 ಕೆ.ಜಿ. ಕಣ್ಣಂದಾಜಿನಲ್ಲಿ ಹಾಕಿದರೆ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಒಂದು ಸಣ್ಣ ತಕ್ಕಡಿ ಲಾಯದಲ್ಲೇ ಇರಲಿ. ಹಬ್ಬದ ದಿನಗಳಲ್ಲಿ ಯಾವ ಪಶುವೈದ್ಯರು ಸಿಗುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ, ನಂಬರನ್ನು ಲಾಯದ ಬಾಗಿಲಿಗೆ ಅಂಟಿಸಿ.

ಬೆಳಗ್ಗೆ ಮೊದಲು ಲಾಯಕ್ಕೆ

ನಾಯಿಗಳನ್ನು ಐದು ನಿಮಿಷ ಹೊರಗೆ ಬಿಟ್ಟು ಒಳಗೆ ಕರೆದುಕೊಳ್ಳಿ. ಅವುಗಳ ಊಟ, ವಾಕಿಂಗ್ ಆಮೇಲೆ. ಇದಕ್ಕೆ ಕಾರಣವಿದೆ. ನಾಯಿಯ ಹೊಟ್ಟೆ ದಿನಕ್ಕೆ ಎರಡು ಊಟಕ್ಕೆ ಒಗ್ಗಿಕೊಳ್ಳುತ್ತದೆ. ಪೋನಿಯ ಹೊಟ್ಟೆ ಹಾಗಲ್ಲ. ಮೇವು ಇರಲಿ ಬಿಡಲಿ, ಅದರ ಜಠರದಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಆ ಆಮ್ಲವನ್ನು ಹದದಲ್ಲಿ ಇಡುವುದು. ಬಹಳ ಹೊತ್ತು ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಹಾಗಾಗಿ ಮೊದಲು ಹುಲ್ಲು ಕಟ್ಟಿ, ಅದು ತಿನ್ನುತ್ತಿರುವಾಗ ಉಳಿದ ಕೆಲಸ ನೋಡಿ.

ನೀರಿನ ವಿಷಯದಲ್ಲಿ ಅಸಡ್ಡೆ ಬೇಡವೇ ಬೇಡ. ಚಳಿಗೆ ಪೋನಿಗಳು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತವೆ. ಒಣ ಮೇವು, ಕಡಿಮೆ ನೀರು ಎರಡೂ ಸೇರಿದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಬರುವ ಹೊಟ್ಟೆನೋವು ಜೀವಕ್ಕೇ ಅಪಾಯ. ಕುದುರೆ ಜಾತಿಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಮುಂದೆಯೇ ಸಾಗಬೇಕು. ನೀರು ಹೆಪ್ಪುಗಟ್ಟಿದ್ದರೆ ಮಂಜುಗಡ್ಡೆ ಒಡೆದು ಚೂರುಗಳನ್ನು ಹೊರಗೆ ತೆಗೆಯಿರಿ. ಬಕೆಟ್‌ಗೆ ಒಂದಿಷ್ಟು ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿಟ್ಟರೆ ಚೆನ್ನಾಗಿ ಕುಡಿಯುತ್ತವೆ.

ಲದ್ದಿ ಬಾಚುವಾಗ ಅದನ್ನು ಗಮನಿಸಿ. ರಾತ್ರಿಯಿಡೀ ಹಾಕಿದ್ದು ಎಂದಿಗಿಂತ ಕಡಿಮೆಯೇ? ತೀರಾ ಒಣಗಿದೆಯೇ? ಪೋನಿ ಪಕ್ಕೆ ತಿರುಗಿ ನೋಡುವುದು, ಕಾಲಿನಿಂದ ನೆಲ ಕೆರೆಯುವುದು, ಮತ್ತೆ ಮತ್ತೆ ಮಲಗಿ ಹೊರಳುವುದು ಮಾಡುತ್ತಿದ್ದರೆ ಮೇವು ತೆಗೆದಿಟ್ಟು ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಹಬ್ಬ ಕಾಯುತ್ತದೆ, ಇದು ಕಾಯುವುದಿಲ್ಲ.

ಗೊರಸು ಕೆದಕಲು ಎರಡು ನಿಮಿಷ ಸಾಕು. ಹಿಮ್ಮಡಿಯಿಂದ ತುದಿಯ ಕಡೆಗೆ ಕೆದಕಿ, ನಡುವಿನ ಮೆತ್ತನೆಯ ತ್ರಿಕೋನಕ್ಕೆ ಚುಚ್ಚಬೇಡಿ. ಗೊರಸು ಎಂದಿಗಿಂತ ಬಿಸಿಯಾಗಿದ್ದು, ಪೋನಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿದ್ದರೆ ಲ್ಯಾಮಿನೈಟಿಸ್ ಎಂಬ ಗೊರಸಿನೊಳಗಿನ ಉರಿಯೂತ ಇರಬಹುದು. ಅದಕ್ಕೂ ವೈದ್ಯರೇ ಬೇಕು.

ಕಂಬಳಿ ಹೊದಿಸಿದ್ದರೆ ಅದರೊಳಗೆ ಕೈ ಹಾಕಿ ನೋಡಿ. ಬೆವರಿದ್ದರೆ ತೆಗೆಯಿರಿ. ದಟ್ಟ ಚಳಿಗಾಲದ ಕೂದಲು ಇರುವ ಆರೋಗ್ಯವಂತ ಪೋನಿಗೆ ಎಷ್ಟೋ ಸಲ ಕಂಬಳಿಯೇ ಬೇಡ. ಹುಲ್ಲು ಕರುಳಿನಲ್ಲಿ ಹುದುಗುವಾಗ ಬರುವ ಶಾಖವೇ ಮೈಯನ್ನು ಬೆಚ್ಚಗಿಡುತ್ತದೆ.

ಈಗ ನಾಯಿಗಳ ಸರದಿ

ಚೆನ್ನಾಗಿ ನಡೆಸಿ, ಮೂಸಲು ಬಿಡಿ. ದಣಿದ ನಾಯಿ ಮಧ್ಯಾಹ್ನ ನೆಂಟರ ಕಾಲಡಿ ಸಿಗದೆ ಮಲಗುತ್ತದೆ. ಟೈಮ್ ಉಳಿಸೋಣ ಎಂದು ಪೋನಿಯನ್ನೂ ನಾಯಿಯನ್ನೂ ಒಟ್ಟಿಗೆ ಹಿಡಿದು ಹೊರಡಬೇಡಿ. ನಾಯಿ ಹಿಂದಿನಿಂದ ನುಗ್ಗಿದರೆ ಪೋನಿ ಒದೆಯುತ್ತದೆ, ಎರಡು ಹಗ್ಗಗಳ ನಡುವೆ ಸಿಕ್ಕಿಕೊಳ್ಳುವವರು ನೀವು.

ಒಂದು ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಪೋನಿಗೆ ಐವರ್‌ಮೆಕ್ಟಿನ್‌ನಂಥ ಜಂತುಹುಳದ ಔಷಧಿ ಕೊಟ್ಟಿದ್ದರೆ ನಾಯಿಯನ್ನು ಲದ್ದಿಯ ಹತ್ತಿರ ಬಿಡಬಾರದು. ನೆಲಕ್ಕೆ ಬಿದ್ದ ಔಷಧಿಯ ಪೇಸ್ಟನ್ನೂ ನೆಕ್ಕಲು ಬಿಡಬಾರದು. ಕುರಿ ಕಾಯುವ ‘ಕಾಲಿ’ (Collie) ಮತ್ತು ಅದಕ್ಕೆ ಹತ್ತಿರದ ತಳಿಗಳ ಅನೇಕ ನಾಯಿಗಳಿಗೆ ಆ ಔಷಧಿ ಮೆದುಳಿಗೆ ಏರುತ್ತದೆ. ನನ್ನನ್ನು ಕೇಳಿದರೆ, ಹಬ್ಬದ ವಾರದಲ್ಲಿ ಜಂತು ಔಷಧಿ ಕೊಡುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಓಡಾಟದಲ್ಲಿ ನಿಗಾ ತಪ್ಪುವುದೇ ಜಾಸ್ತಿ.

ಮನೆಯೊಳಗಿನ ಅಪಾಯ

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೇಯಿಸಿದ ಮೂಳೆ ನಾಯಿಗೆ ಕೂಡದು. ಒಣದ್ರಾಕ್ಷಿ ಅಂದರೆ ಪ್ಲಮ್ ಕೇಕೂ ಬಂತು, ಅಲ್ವಾ? ಒಣದ್ರಾಕ್ಷಿಯಿಂದ ಮೂತ್ರಪಿಂಡವೇ ಕೆಡಬಹುದು, ಎಷ್ಟು ತಿಂದರೆ ಸುರಕ್ಷಿತ ಎಂಬ ಲೆಕ್ಕವಿಲ್ಲ. ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಮಿಠಾಯಿ, ಚೂಯಿಂಗ್ ಗಮ್‌ಗಳೂ ವಿಷ. ತಿಂದಿದ್ದು ಗೊತ್ತಾದರೆ ವಾಂತಿ ಆಗಲಿ ಎಂದು ಕಾಯದೆ ಫೋನ್ ಮಾಡಿ. ಎಷ್ಟು ಹೊತ್ತಾಯಿತು, ಎಷ್ಟು ತಿಂದಿತು, ನಾಯಿಯ ತೂಕ ಎಷ್ಟು ಎಂದು ಹೇಳಿ. ಮರದ ಮೇಲಿನ ಮಿನುಗು ಎಳೆಗಳನ್ನು ಎತ್ತರಕ್ಕೆ ಕಟ್ಟಿ. ನುಂಗಿದರೆ ಕರುಳು ಸುತ್ತಿಕೊಳ್ಳುತ್ತದೆ.

ಪೋನಿಗಳ ಪಾಲಿಗೆ ಅಪಾಯ ಬಾಗಿಲಿನ ಹಸಿರು ತೋರಣದಲ್ಲಿ ಇರಬಹುದು. ಯೂ (yew) ಎಂಬ ನಿತ್ಯಹಸಿರು ಮರದ ಎಲೆ ಒಂದು ಹಿಡಿಯಷ್ಟು ಹೊಟ್ಟೆಗೆ ಹೋದರೂ ಕುದುರೆಯ ಹೃದಯ ನಿಂತುಹೋಗಬಹುದು. ಒಣಗಿದ ಎಲೆಯೂ ಅಷ್ಟೇ ವಿಷ. ಅದನ್ನು ಲಾಯದ ಬಾಗಿಲಿಗೆ ಕಟ್ಟಬೇಡಿ, ಹಬ್ಬ ಮುಗಿದ ಮೇಲೆ ಮೇಯುವ ಜಾಗದ ಪಕ್ಕ ಎಸೆಯಲೂಬೇಡಿ. ನೆಂಟರ ಮಕ್ಕಳು ಪ್ರೀತಿಯಿಂದ ಬ್ರೆಡ್ಡು, ಕೇಕು ಹಿಡಿದು ಬರುತ್ತಾರೆ. ಅದರ ಬದಲು ಮಕ್ಕಳ ಕೈಗೆ ಉದ್ದಕ್ಕೆ ಸೀಳಿದ ಕ್ಯಾರೆಟ್ ಕೊಡಿ. ಬಿಲ್ಲೆಯಂತೆ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕೀತು.

ಕತ್ತಲಾಗುವ ಮುಂಚೆ

ಬೆಳಕಿರುವಾಗಲೇ ಲಾಯಕ್ಕೆ ಎರಡನೇ ಸುತ್ತು ಹೋಗಿ. ಹುಲ್ಲು, ನೀರು, ಗಾಯ ಏನಾದರೂ ಇದೆಯೇ ಎಂದು ಒಂದು ನೋಟ. ಪಟಾಕಿ ಸದ್ದು ಇರುವ ಕಡೆ ನಾಯಿಗಳನ್ನು ಕತ್ತಲಾಗುವ ಮೊದಲೇ ಹೊರಗೆ ಕರೆದೊಯ್ದು ತನ್ನಿ. ಆಮೇಲೆ ಪರದೆ ಎಳೆದ ಕೋಣೆಯಲ್ಲಿ ಹಾಸಿಗೆ, ನೀರು ಇಟ್ಟು ಬಿಡಿ. ಆ ಕೋಣೆಗೆ ಹೋಗಬಾರದೆಂದು ನೆಂಟರಿಗೆ ಹೇಳಿ.

ಮಲಗುವ ಮುಂಚೆ ಕೊನೆಯ ಸುತ್ತು. ಬೆಳಗಿನವರೆಗೆ ಸಾಲುವಷ್ಟು ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿ, ನಿಧಾನಕ್ಕೆ ತಿನ್ನುತ್ತವೆ. ಬಕೆಟ್ ತುಂಬಿ, ಲಾಯದ ಚಿಲಕ ಎಳೆದು ನೋಡಿ.