ತಕ್ಕಡಿ ಹೇಳಿದಷ್ಟು, ಹವಾ ಹೇಳಿದಾಗ: ಬಾಲ್ ಪೈಥಾನ್ ಉಣಿಸಿನ ನನ್ನ ಲೆಕ್ಕ

"ತಿಂಗಳಿಗೊಂದು ಇಲಿ ಅಂದ್ರ ಹಾವು ಒಣಗಿ ಸಾಯ್ತದ್ರೀ ಸರ" ಅಂದವರೇ ಈಗ ನನ್ನ ರಜಿಸ್ಟರಿನ ಫೋಟೊ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಕಳಿಸುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಮೂರು ಬಾಲ್ ಪೈಥಾನ್ (ಸಾಕುವ ಸಣ್ಣ ಜಾತಿಯ ಆಫ್ರಿಕನ್ ಹೆಬ್ಬಾವು), ಸುಮಾರು ಎರಡು ವರ್ಷ, ಬೆಳಗಾವಿ ಹವಾ. ಅಂಕಿಗಳು ನೆನಪಿನಿಂದ ಬರೆದವು, ಹತ್ತಿಪ್ಪತ್ತು ಗ್ರಾಂ ಆಚೀಚೆ ಆದಾವು. ನಮ್ಮ ಕಾಡಿನ ಹೆಬ್ಬಾವಿನ ಮಾತು ಇದಲ್ಲ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಮನೆಯಲ್ಲಿ ಇಡುವಂತೆಯೇ ಇಲ್ಲ. ಆಫ್ರಿಕಾದ ಬಾಲ್ ಪೈಥಾನ್ ಆದರೂ ಪರಿವೇಶ್ (ಕೇಂದ್ರ ಪರಿಸರ ಸಚಿವಾಲಯದ ಜಾಲತಾಣ) ನೋಂದಣಿ ಮಾಡಿಸಿದವರಷ್ಟೇ ಮುಂದೆ ಓದಿ.

ನಮ್ಮಲ್ಲಿ ಎಲ್ಲರ ತಪ್ಪು ಒಂದೇ: ರವಿವಾರ ಬಂತು, ಇಲಿ ಕೊಡು. ಹಾವಿಗೆ ವಾರ ಗೊತ್ತಿಲ್ಲ. ನಾನು ನೋಡುವುದು ಮೂರು: ಖಾಲಿ ಹೊಟ್ಟೆಯ ತೂಕ, ಹೋದ ಊಟ ಹೊರಗೆ ಬಂತೋ ಇಲ್ಲವೋ, ಮುಂದಿನ ಮೂರು ರಾತ್ರಿಯ ಚಳಿ.

ತೂಕಕ್ಕೆ ಐನೂರು ರೂಪಾಯಿಯ ಅಡುಗೆಮನೆ ತಕ್ಕಡಿ ಸಾಕು. ಮುಚ್ಚಳದ ಡಬ್ಬಿ ಇಟ್ಟು ಸೊನ್ನೆ ಮಾಡಿಕೊಂಡು ಹಾವು ಬಿಡುವುದು. ಆದರೆ ಹಿಕ್ಕೆ ಹಾಕಿದ ಮೇಲೇ ತೂಗಬೇಕು. ದೊಡ್ಡ ಹೆಣ್ಣು ಒಂದೇ ಸಲಕ್ಕೆ ಹಿಕ್ಕೆ, ಸುಣ್ಣದಂಥ ಯೂರೇಟ್ ಗಡ್ಡೆ (ಹಾವಿನ ಗಟ್ಟಿ ಮೂತ್ರ) ಎಲ್ಲಾ ಸೇರಿ ಐವತ್ತು-ಅರವತ್ತು ಗ್ರಾಂ ಇಳಿಸುತ್ತದೆ. ಮೊದಲ ಆರು ತಿಂಗಳು ಇದು ತಲೆಗೆ ಹೋಗದೆ, ಹೊಟ್ಟೆಯಲ್ಲಿದ್ದ ಹಿಕ್ಕೆಯನ್ನೇ ಬೆಳವಣಿಗೆ ಅಂತ ಬರೆದುಕೊಂಡಿದ್ದೆ.

ಈಗಿನ ಲೆಕ್ಕ ಹೀಗಿದೆ. 70 ಗ್ರಾಮಿನ ಮರಿಗೆ 8-10 ಗ್ರಾಮಿನ ಇಲಿಮರಿ, ವಾರಕ್ಕೊಂದು. 200 ಗ್ರಾಂ ದಾಟಿದರೆ 20-25 ಗ್ರಾಂ, ಏಳೆಂಟು ದಿನಕ್ಕೆ. 500 ಆದಾಗ 40-50 ಗ್ರಾಂ, ಹತ್ತು-ಹನ್ನೆರಡು ದಿನಕ್ಕೆ. ಕಿಲೋ ಮುಟ್ಟಿದ ಮೇಲೆ 60-70 ಗ್ರಾಂ, ಮೂರು ವಾರಕ್ಕೊಮ್ಮೆ. ಒಂದೂವರೆ ಕಿಲೋ ದಾಟಿದ ಬೆಳೆದ ಹಾವಿಗೆ ತೂಕದ ನೂರಕ್ಕೆ ಐದರಷ್ಟು, 28-30 ದಿನಕ್ಕೆ. ಜನ ಬೈದದ್ದು ಈ ಕಡೇ ಸಾಲಿಗೇ.

ಬೈದವರಿಗೆ ನನ್ನ ಹೆಣ್ಣು ಹಾವೇ ಉತ್ತರ. ನನ್ನ ಕೈಗೆ ಬಂದಾಗ 2,200 ಗ್ರಾಂ, ಹತ್ತು ದಿನಕ್ಕೊಂದು ದೊಡ್ಡ ಇಲಿ ತಿಂದು ಲೋಡಿನಂತೆ ಗುಂಡಗಾಗಿತ್ತು. ಮೈ ತಿರುಗಿಸಿದಾಗ ಪಕ್ಕೆಯಲ್ಲಿ ಮಡಿಕೆ, ಹೊಟ್ಟೆ ಖಾಲಿಯಿದ್ದರೂ ಹುರುಪೆಗಳ ನಡುವೆ ಬಿಳಿ ಚರ್ಮ, ಬಾಲದ ಬುಡದಲ್ಲಿ ಎರಡೂ ಕಡೆ ಉಬ್ಬು. ಸರಿಯಾದ ಮೈ ಕೋಡುಹೆಂಚಿನಂತೆ ಇರಬೇಕು: ಮೇಲೆ ಬೆನ್ನೆಲುಬಿನ ಸಣ್ಣ ಏರು ಬೆರಳಿಗೆ ಸಿಗಬೇಕು, ಕಣ್ಣಿಗೆ ಚುಚ್ಚಬಾರದು. ಒಮ್ಮೆಲೇ ಊಟ ನಿಲ್ಲಿಸಲಿಲ್ಲ. ಇಲಿಯನ್ನು 80 ಗ್ರಾಮಿಗೆ ಇಳಿಸಿ ತಿಂಗಳಿಗೊಂದು ಮಾಡಿದೆ, ಅಷ್ಟೇ. ಹದಿನಾಲ್ಕು ತಿಂಗಳಿಗೆ 1,750ಕ್ಕೆ ಬಂತು. ಈಗ ಮಡಿಕೆ ಇಲ್ಲ, ಪೊರೆ ಒಂದೇ ತುಂಡಾಗಿ ಬಿಡುತ್ತದೆ, ರಾತ್ರಿ ಡಬ್ಬಿ ತುಂಬಾ ಓಡಾಡುತ್ತದೆ.

ಚಳಿಯ ಪಾಠಕ್ಕೆ ಮಾತ್ರ ದುಬಾರಿ ಫೀ ಕೊಟ್ಟಿದ್ದೇನೆ. ಡಿಸೆಂಬರ್, ಗಂಡು ಹಾವಿಗೆ 70 ಗ್ರಾಮಿನ ಇಲಿ ಕೊಟ್ಟು ಎರಡನೇ ರಾತ್ರಿ ಕರೆಂಟ್ ಹೋಯಿತು. ಐದು ತಾಸಿನಲ್ಲಿ ಡಬ್ಬಿಯ ಬಿಸಿ ಮೂಲೆ (ಹೀಟ್ ಮ್ಯಾಟ್ ಇರುವ ಕಡೆ) 32ರಿಂದ 22 ಡಿಗ್ರಿಗೆ ಇಳಿಯಿತು. ಮರುದಿನ ಸಂಜೆ ಅರ್ಧ ಕರಗಿದ ಇಲಿ ಹೊರಗೆ. ಕೂದಲು ಕಿತ್ತುಬಂದು, ಕೊಳೆತ ಮಾಂಸದ ನಾತ. ಮೈ ತಣ್ಣಗಾದರೆ ಪಚನ ನಿಲ್ಲುತ್ತದೆ, ಕೊಳೆಯುವುದು ನಿಲ್ಲುವುದಿಲ್ಲ. ಹಾವು ಕಕ್ಕುವುದು ತನ್ನ ಜೀವ ಉಳಿಸಿಕೊಳ್ಳಲು. ಆಮೇಲೆ "ಪಾಪ, ಹಸಿದಿದೆ" ಅಂತ ನಾಲ್ಕನೇ ದಿನಕ್ಕೆ ಮತ್ತೆ ಕೊಟ್ಟದ್ದು ನನ್ನ ಎರಡನೇ ತಪ್ಪು. ಅದನ್ನೂ ಕಕ್ಕಿತು. ಕಕ್ಕಿದ ಮೇಲೆ ಹದಿನಾಲ್ಕು ದಿನ ಬರೀ ನೀರು. ನಂತರ ಮಾಮೂಲಿಯ ಅರ್ಧ ತೂಕದ ಇಲಿ. ಮತ್ತೆ ಹದಿನಾಲ್ಕು ದಿನ. ಮೂರನೇ ಸಲ ಕಕ್ಕಿದರೆ ಮನೆಯ ಉಪಾಯ ಬಿಟ್ಟು ಹಾವು ನೋಡುವ ಡಾಕ್ಟರ ಹತ್ತಿರ ಹೋಗಬೇಕು.

ಈಗ ಇನ್ವರ್ಟರಿನಲ್ಲಿ ಹೀಟ್ ಮ್ಯಾಟಿಗೆ ಪ್ರತ್ಯೇಕ ಲೈನ್ ಇದೆ, ಥರ್ಮೋಸ್ಟಾಟ್ ಸೇರಿ ಎರಡೂವರೆ ಸಾವಿರ ಹೋಯಿತು. ಆದರೂ ಮುಂದಿನ ಮೂರು ರಾತ್ರಿ ಹದಿನೈದಕ್ಕಿಂತ ಕೆಳಗೆ ಹೋಗುವ ಸೂಚನೆ ಇದ್ದರೆ ಊಟ ಮುಂದಕ್ಕೆ. ಗಂಡು ಹೇಗೂ ನವೆಂಬರಿನಿಂದ ಫೆಬ್ರವರಿವರೆಗೆ ಮುಖ ತಿರುಗಿಸುತ್ತದೆ. 1,150 ಇದ್ದದ್ದು 1,080 ಆಯಿತು, ನೂರಕ್ಕೆ ಆರು. ಹತ್ತು ದಾಟುವವರೆಗೆ ನಾನು ಕೈ ಕಟ್ಟಿ ಕೂರುತ್ತೇನೆ. ವಾರವಾರ ತೋರಿಸಿದರೆ ಇಲಿ ದಂಡ, ಫ್ರೀಜರಿನ ಸತ್ತ ಇಲಿಯನ್ನು ಒಮ್ಮೆ ಬಿಸಿ ಮಾಡಿದ ಮೇಲೆ ಮತ್ತೆ ಫ್ರೀಜರಿಗೆ ಇಡುವಂತಿಲ್ಲ. ಮೂರು ವಾರಕ್ಕೊಮ್ಮೆ ತೋರಿಸಿ, ಇಪ್ಪತ್ತು ನಿಮಿಷದಲ್ಲಿ ತೆಗೆಯುತ್ತೇನೆ.

ವಿಜಯಪುರದ ಗೆಳೆಯರಿಗೆ ಉಲ್ಟಾ ಕಾಟ. ಏಪ್ರಿಲ್-ಮೇನಲ್ಲಿ ಹೊರಗೆ ನಲವತ್ತು ದಾಟಿ ತಂಪು ಮೂಲೆಯೇ 34 ಆದರೆ ಹಾವು ಉಣ್ಣುವುದಿಲ್ಲ, ನೀರಿನ ಬಟ್ಟಲಲ್ಲಿ ಮಲಗುತ್ತದೆ. ಅವರಿಗೆ ಹೇಳಿದ್ದು: ಕುಂಬಾರರ ಗಡಿಗೆಯ ಒಂದು ಬದಿ ಒಡೆದು ಬೋರಲು ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಒಳಗೆ ಐದಾರು ಡಿಗ್ರಿ ಇಳಿಯಿತಂತೆ. ಹಾವು ಒಳಗೇ ಇಲಿ ಎಳೆದುಕೊಂಡಿತು.

ಇಲಿ ಕರಗಿಸುವುದರಲ್ಲಿ ಅವಸರ ಬೇಡ. ರಾತ್ರಿ ಫ್ರೀಜರಿನಿಂದ ಫ್ರಿಜ್ಜಿಗೆ, ಬೆಳಗ್ಗೆ ಜಿಪ್ ಚೀಲದಲ್ಲೇ 40 ಡಿಗ್ರಿ ನೀರಿಗೆ. ಇಪ್ಪತ್ತು ನಿಮಿಷದ ಮೇಲೆ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗೋಲಿಯಷ್ಟು ಗಟ್ಟಿ ಸಿಕ್ಕರೂ ಮತ್ತೆ ನೀರಿಗೆ. ಕೊಡುವ ಮುಂಚೆ ತಲೆಯನ್ನಷ್ಟೇ ಇನ್ನೊಮ್ಮೆ ಬಿಸಿ ಮಾಡಿ, ಮೈ ಒರೆಸಿ, ಉದ್ದ ಚಿಮಟದಲ್ಲಿ ಸೊಂಟ ಹಿಡಿದು ಕೊಡುವುದು. ಆಮೇಲೆ 48 ತಾಸು ಹಾವನ್ನು ಮುಟ್ಟುವಂತಿಲ್ಲ. ಜೀವಂತ ಇಲಿ ಕೊಡುವವರ ಜೊತೆ ನಾನು ವಾದ ಮಾಡುವುದಿಲ್ಲ, ಹಾವಿನ ಮೈಮೇಲಿನ ಹಲ್ಲಿನ ಗುರುತು ತೋರಿಸಿ ಅನ್ನುತ್ತೇನೆ. ಗೋದಾಮಿನ ಇಲಿ ಪುಕ್ಕಟೆ ಸಿಗುತ್ತದೆ ಅನ್ನುವವರಿಗೆ ಒಂದೇ ಮಾತು: ಅದರ ಹೊಟ್ಟೆಯಲ್ಲಿ ಜಿಂಕ್ ಫಾಸ್ಫೈಡ್, ಬ್ರೋಮಾಡಿಯೋಲೋನ್‌ನಂಥ ಇಲಿ ಪಾಷಾಣ ಇದೆಯೋ ನೋಡಿದವರ್ಯಾರು?

ದುಡ್ಡಿನ ಮಾತು. ಮೊದಲು ಹೆಪ್ಪುಗಟ್ಟಿದ ಇಲಿಗಳನ್ನು ದೂರದಿಂದ ಐಸ್ ಪೆಟ್ಟಿಗೆಯಲ್ಲಿ ತರಿಸುತ್ತಿದ್ದೆ. ಒಂದು ಪಾರ್ಸಲ್ ಎರಡು ದಿನ ತಡವಾಗಿ, ನೀರಾಗಿ ಬಂತು, ಮೂರು ಸಾವಿರ ಚರಂಡಿಗೆ. ಈಗ ಬಿಳಿ ಇಲಿ ಮನೆಯಲ್ಲೇ, ಒಂದು ಗಂಡು ಮೂರು ಹೆಣ್ಣು. ಗರ್ಭ ಮೂರು ವಾರ ಚಿಲ್ಲರೆ, ಸೂಲಿಗೆ ಎಂಟು-ಹತ್ತು ಮರಿ. ಜೋಳ, ಗೋಧಿ, ಕಡಲೆ, ಸ್ವಲ್ಪ ಸೊಪ್ಪು, ತಿಂಗಳಿಗೆ ಐನೂರು-ಆರುನೂರು. ಬೇಸಿಗೆಯಲ್ಲಿ ಸೂಲು ಕಡಿಮೆ, ಆದ್ದರಿಂದ ಮಾರ್ಚ್ ಒಳಗೆ ಫ್ರೀಜರ್ ತುಂಬಬೇಕು. ಪ್ರತಿ ಚೀಲದ ಮೇಲೆ ತೂಕ, ತಾರೀಖು. ಆರು ತಿಂಗಳು ದಾಟಿದ್ದನ್ನು ಕೊಡುವುದಿಲ್ಲ.

ನಡುವೆ ಅಗ್ಗ ಅಂತ ಒಂದು ದಿನದ ಕೋಳಿಮರಿ ಕೊಟ್ಟು ನೋಡಿದೆ. ಹಿಕ್ಕೆ ನೀರು-ನೀರು, ಕೋಣೆ ತುಂಬಾ ವಾಸನೆ. ಮೇಲಾಗಿ ಗಂಡು ಇಲಿಯನ್ನೇ ಮರೆತು ಎರಡು ತಿಂಗಳು ಹಟ ಹಿಡಿಯಿತು. ಅದನ್ನು ಮತ್ತೆ ಇಲಿಗೆ ತಂದ ಉಪಾಯ ಪುಕ್ಕದ ವಾಸನೆಗೆ ಸಂಬಂಧಿಸಿದ್ದು. ಅದಕ್ಕಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ. ಒಂದು ದೊಡ್ಡ ಇಲಿಯ ಬದಲು ಅದೇ ತೂಕದ ಎರಡು ಸಣ್ಣವು ಕೊಟ್ಟೂ ನೋಡಿದೆ. ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ, ಕೆಲಸ ಮಾತ್ರ ಇಮ್ಮಡಿ.

70 ಗ್ರಾಮಿಗೆ ಬಂದ ಮರಿ ವರ್ಷಕ್ಕೆ 612 ಆಗಿದೆ, ತಿಂದದ್ದು ಹೆಚ್ಚುಕಡಿಮೆ ಒಂದೂವರೆ ಕಿಲೋ ಇಲಿ. ಲೆಕ್ಕದ ಪ್ರಕಾರ ನಿನ್ನೆ ಊಟದ ದಿನ. ಆದರೆ ಪೊರೆ ಬಿಡುವ ಮುಂಚಿನಂತೆ ಕಣ್ಣು ನೀಲಿಯಾಗಿದೆ, ಬಿಡಲು ಇನ್ನೂ ಐದಾರು ದಿನ ಬೇಕು, ಅಲ್ಲಿವರೆಗೆ ಊಟ ಇಲ್ಲ. 45 ಗ್ರಾಮಿನ ಚೀಲ ಫ್ರೀಜರಿನಲ್ಲೇ ಇದೆ.