ರೀಮ್ಯಾಪ್ ಮಾಡಿಸಿದ ಕಾರು ಆಯಿಲ್ ಕುಡಿಯುತ್ತಿದೆಯಾ? ಕ್ಯಾಚ್ ಕ್ಯಾನ್ ಹೀಗೆ ಕೂರಿಸಿ

ಟರ್ಬೊ ಪೆಟ್ರೋಲ್ ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸಿ ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿದವರೆಲ್ಲ ಹೆಚ್ಚುಕಡಿಮೆ ಒಂದೇ ದೂರು ಹೇಳುತ್ತಾರೆ. ಪಿಕಪ್ ಸೂಪರ್, ಆದರೆ ಆಯಿಲ್ ಇಳಿಯುತ್ತಿದೆ. ಕಾರಿನ ಕೆಳಗೆ ಒಂದು ಹನಿ ಸೋರಿಲ್ಲ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿ ಬೆರಳು ಹಾಕಿ ನೋಡಿ, ಒಳಗೆಲ್ಲ ಜಿಡ್ಡು.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪ ಕೆಳಗೆ ನುಸುಳಿ ಕ್ರ್ಯಾಂಕ್‌ಕೇಸ್ (ಆಯಿಲ್ ಇರುವ ಎಂಜಿನ್‌ನ ಕೆಳಭಾಗ) ಸೇರುತ್ತದೆ. ಬೂಸ್ಟ್ ಜಾಸ್ತಿಯಾದಂತೆ ಇದೂ ಜಾಸ್ತಿ. ಆ ಗ್ಯಾಸ್ ಹೊರಬರುವಾಗ ಆಯಿಲ್ ಮಂಜನ್ನೂ ಹೊತ್ತುಕೊಂಡು ಮತ್ತೆ ಎಂಜಿನ್ ಒಳಗೇ ಹೋಗುತ್ತದೆ. ಪೆಟ್ರೋಲ್ ಜತೆ ಆಯಿಲ್ ಉರಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರು, ಇಸಿಯು (ಎಂಜಿನ್ ಕಂಪ್ಯೂಟರ್) ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ದುಡ್ಡು ಕೊಟ್ಟು ಪಡೆದ ಪವರ್ ಅಲ್ಲೇ ಹೋಯಿತು. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ಇನ್ನೂ ಕಷ್ಟ. ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ, ಹಾಗಾಗಿ ಕೂತ ಮಸಿ ತೊಳೆದುಹೋಗುವುದಿಲ್ಲ.

ಇದಕ್ಕೆ ಮದ್ದು ಕ್ಯಾಚ್ ಕ್ಯಾನ್. ಗ್ಯಾಸ್ ಬರುವ ದಾರಿಯಲ್ಲಿ ಆಯಿಲ್ ಹಿಡಿದಿಡುವ ಡಬ್ಬಿ. ಎಲ್ಲರೂ ಡಬ್ಬಿಯ ಬಣ್ಣ, ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಕೆಲಸ ಕೆಡುವುದು ಮಾತ್ರ ಹೋಸ್‌ನಲ್ಲಿ.

ಹಂತ 1: ಕಾಯಿಲೆ ಅದೇನಾ ನೋಡಿ

ಮೊದಲು ಡಿಪ್‌ಸ್ಟಿಕ್. ಬಹುತೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಸುಮಾರು 1 ಲೀಟರ್ ಅಂತರ. ಮೇಲಿನ ಗುರುತು ದಾಟಿ ತುಂಬಿಸಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಅದು ಬ್ರೀದರ್‌ನಲ್ಲಿ (ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಬರುವ ಕೊಳವೆ) ಹೊರಬರುತ್ತದೆ. ಎಷ್ಟೋ ಕಾರಿನ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. ಸೋರಿಕೆ ಶೇ 20 ದಾಟಿ, ಆಯಿಲ್ ಹಾಕುವ ಬಾಯಿಂದ ಬುಸ್ ಅಂತ ಗಾಳಿ ಬರುತ್ತಿದ್ದರೆ ರಿಂಗ್ ಅಥವಾ ಬೋರ್ (ಸಿಲಿಂಡರ್ ಒಳಗೋಡೆ) ಹೋಗಿದೆ ಎಂದೇ ಅರ್ಥ. ಅದನ್ನು ಯಾವ ಕ್ಯಾನ್ ಕೂಡ ಸರಿಮಾಡುವುದಿಲ್ಲ.

ಹಂತ 2: ಕ್ಯಾನ್ ಆರಿಸಿ

ಅಂಗಡಿಯಲ್ಲೇ ಮುಚ್ಚಳ ಬಿಚ್ಚಿಸಿ. ಒಳಗೆ ಗ್ಯಾಸ್‌ಗೆ ಅಡ್ಡವಾಗಿ ತಗಡು ಇರಬೇಕು, ಸ್ಟೀಲ್ ಜಾಲರಿ ಇರಬೇಕು. ಎರಡು ತೂತಿರುವ ಖಾಲಿ ಡಬ್ಬಿ ಆದರೆ ಗ್ಯಾಸ್ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋಗುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹೊಳೆಯುವ ಡಬ್ಬಿಗಳಲ್ಲಿ ಬಹಳಷ್ಟು ಇಂಥವೇ. ಅದಕ್ಕೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಅದರ ಎಳೆ ತುಂಡಾಗಿ ಟರ್ಬೊಗೆ ಹೋಗುತ್ತದೆ. ಪಕ್ಕದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಇರುವ ಕ್ಯಾನ್ ಕೂಡ ನನಗೆ ಆಗದು. ಬಿಸಿಗೆ ಗಟ್ಟಿಯಾಗಿ ಸೋರುತ್ತದೆ. ಒಳಗೊಂದು ಪುಟ್ಟ ಡಿಪ್‌ಸ್ಟಿಕ್ ಇರುವುದೇ ವಾಸಿ.

ಹಂತ 3: ಹೋಸ್, ಇಲ್ಲೇ ಎಲ್ಲರೂ ಎಡವುವುದು

ಟರ್ಬೊ ಎಂಜಿನ್‌ನಲ್ಲಿ ಗ್ಯಾಸ್ ಹೋಗಲು ಎರಡು ದಾರಿ ಇವೆ. ಒಂದು, ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸ್ ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ. ಐಡಲ್‌ನಲ್ಲಿ, ಸಿಟಿ ಟ್ರಾಫಿಕ್‌ನಲ್ಲಿ ಮ್ಯಾನಿಫೋಲ್ಡ್ ಎಳೆಯುತ್ತಿರುತ್ತದೆ, ಆಗ ಈ ದಾರಿ. ಎರಡು, ಬ್ರೀದರ್ ಹೋಸ್ ಮೂಲಕ ಟರ್ಬೊಗೆ ಗಾಳಿ ಒಯ್ಯುವ ಪೈಪ್‌ಗೆ. ಬೂಸ್ಟ್ ಏರಿದಾಗ ಪಿಸಿವಿ ಮುಚ್ಚಿಕೊಳ್ಳುತ್ತದೆ, ಗ್ಯಾಸ್ ಎಲ್ಲ ಈ ಕಡೆ ತಿರುಗುತ್ತದೆ.

ಹೆಚ್ಚಿನವರು ಕೈಗೆ ಸುಲಭವಾಗಿ ಸಿಗುವ ಪಿಸಿವಿ ಹೋಸ್ ಕತ್ತರಿಸಿ ಅಲ್ಲಿ ಮಾತ್ರ ಕ್ಯಾನ್ ಇಡುತ್ತಾರೆ. ಕೊಯಮತ್ತೂರಿನ ‘ಕರಿ’ ರೇಸ್ ಟ್ರ್ಯಾಕ್‌ಗೆ ಹೋಗಿ ಗಾಡಿ ಓಡಿಸಿ ಬಂದ ಮೇಲೆ ನೋಡಿದರೆ ಕ್ಯಾನ್ ಒಣಗಿದೆ, ಇಂಟರ್‌ಕೂಲರ್ ಒದ್ದೆ! ಟ್ರ್ಯಾಕ್‌ನಲ್ಲಿ ಆಯಿಲ್ ಹೋಗಿದ್ದು ಎರಡನೇ ದಾರಿಯಲ್ಲಿ. ಉಲ್ಟಾ ಕಥೆ ಚಾರ್ಮಾಡಿ ಘಾಟಿಯದ್ದು. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಮ್ಯಾನಿಫೋಲ್ಡ್ ಎಳೆತ ಜೋರಾಗಿರುತ್ತದೆ, ಮೊದಲ ದಾರಿಯೇ ಆಯಿಲ್ ಹೀರುತ್ತದೆ. ಕೆಳಗಿಳಿದು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ. ಹಾಗಾಗಿ ನನ್ನ ಪ್ರಕಾರ ಎರಡು ದಾರಿಗೆ ಎರಡು ಸಣ್ಣ ಕ್ಯಾನ್. ಒಂದಕ್ಕೇ ದುಡ್ಡಿದ್ದರೆ ಟ್ರ್ಯಾಕ್ ಓಡಿಸುವವರು ಬ್ರೀದರ್‌ಗೆ ಹಾಕಿ, ಆಫೀಸ್-ಮನೆ ಓಡಾಡುವವರು ಪಿಸಿವಿಗೆ ಹಾಕಿ.

ಹೋಸ್ ಬಿಚ್ಚಿದಾಗ ಪಿಸಿವಿ ವಾಲ್ವನ್ನು ಬಾಯಲ್ಲಿ ಊದಿ ಪರೀಕ್ಷಿಸಿ. ಎಂಜಿನ್ ಕಡೆಯಿಂದ ಗಾಳಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ನಿಲ್ಲಬೇಕು. ಎರಡೂ ಕಡೆ ಹೋದರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಡಿಪ್‌ಸ್ಟಿಕ್ ಮೇಲೆ ಹಾರುತ್ತದೆ, ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ. ಕ್ಯಾನ್ ಹಾಕಿದ ಮೇಲೆ ವಾಲ್ವ್ ಯಾಕೆ ಅಂತ ಕಿತ್ತು ಬಿಸಾಡುವ ಮೆಕ್ಯಾನಿಕ್ ಸಿಕ್ಕಿದರೆ ಕಾರು ವಾಪಸ್ ತನ್ನಿ. ಈಗಿನ ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಪ್ಲಾಸ್ಟಿಕ್ ಕವರ್ ಒಳಗೇ ಇರುತ್ತದೆ. ಅದಕ್ಕೆ ಆ ಎಂಜಿನ್‌ಗೆಂದೇ ಮಾಡಿದ ಅಡಾಪ್ಟರ್ ಬೇಕು, ಸುಮ್ನೆ ಕೊರೆಯಬೇಡಿ.

ಬ್ರೀದರ್ ಹೋಸ್‌ನ ಒಳ ಅಳತೆ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆಯಾಗಬಾರದು. ಬೂಸ್ಟ್ ಏರಿಸಿದ ಕಾರಿಗೆ 19 ಮಿ.ಮೀ. ಚೆನ್ನಾಗಿರುತ್ತದೆ. ಕ್ಯಾನ್‌ನ ನಿಪ್ಪಲ್ (ಹೋಸ್ ಸಿಕ್ಕಿಸುವ ಮೂತಿ) ತೂತೂ ಅಷ್ಟೇ ಇರಲಿ. ಹೊರಗೆ ದಪ್ಪ, ಒಳಗೆ 9 ಮಿ.ಮೀ. ಇರುವ ನಿಪ್ಪಲ್‌ಗಳನ್ನು ಧಾರಾಳವಾಗಿ ಮಾರುತ್ತಾರೆ. ಹೋಸ್ ಎಂಜಿನ್‌ನಿಂದ ಕ್ಯಾನ್‌ಗೆ ಇಳಿಜಾರಾಗಿ ಬರಲಿ. ನಡುವೆ ಜೋತುಬಿದ್ದರೆ ಆ ಹೊಟ್ಟೆಯಲ್ಲಿ ಆಯಿಲ್ ನಿಂತು ದಾರಿ ಮುಚ್ಚುತ್ತದೆ.

ಹೋಸ್ ಕೊಳ್ಳುವಾಗ ಆಯಿಲ್‌ಗೆ ಆಗುವಂಥದ್ದೇ ಕೇಳಿ. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯಲ್ಲಿ ನೈಟ್ರೈಲ್ (ಆಯಿಲ್ ತಡೆಯುವ ರಬ್ಬರ್) ಹೋಸ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹೀಟರ್ ಹೋಸ್ ನೋಡಲು ಅದೇ ಥರ ಇರುತ್ತದೆ, ಆದರೆ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ನೀಲಿ ಸಿಲಿಕೋನ್ ಹೋಸ್ ಚಂದ ಕಾಣುತ್ತದೆ ಅಷ್ಟೇ, ಕೆಲ ತಿಂಗಳಲ್ಲಿ ಮೈಯೆಲ್ಲ ಆಯಿಲ್ ಬೆವರುತ್ತದೆ.

ಕ್ಯಾನ್‌ನಿಂದ ಹೊರಟ ಹೋಸ್ ಇನ್‌ಟೇಕ್‌ಗೇ ವಾಪಸ್ ಹೋಗಬೇಕು. ಮೇಲೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಗಾಳಿಗೆ ಬಿಡುವುದು ರಸ್ತೆ ಕಾರಿಗೆ ಸಲ್ಲದು. ಹೊಗೆ ನಿಯಮಕ್ಕೆ ವಿರುದ್ಧ, ಕ್ಯಾಬಿನ್ ಒಳಗೆ ಆಯಿಲ್ ವಾಸನೆ ಬೇರೆ. ಏರ್‌ಫ್ಲೋ ಸೆನ್ಸರ್ ಇರುವ ಕಾರಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗಿ ಚೆಕ್ ಎಂಜಿನ್ ಲೈಟ್ ಉರಿಯುತ್ತದೆ.

ಹಂತ 4: ಕೂರಿಸಿ

ಟರ್ಬೊ, ಎಕ್ಸಾಸ್ಟ್‌ನಿಂದ ದೂರ, ತಂಪಾದ ಜಾಗದಲ್ಲಿ, ನೆಟ್ಟಗೆ, ಎರಡು ಬೋಲ್ಟ್ ಹಾಕಿ ಬಿಗಿಯಿರಿ.

ಹಂತ 5: ನೀರಿನ ಟ್ಯೂಬ್ ಪರೀಕ್ಷೆ

ಕ್ರ್ಯಾಂಕ್‌ಕೇಸ್ ಒಳಗೆ ಎಳೆತ ಇದೆಯೋ ಒತ್ತಡ ಕಟ್ಟಿದೆಯೋ ತಿಳಿಯಲು ಇದನ್ನು ಕ್ಯಾನ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಮಾಡಿ. ಹಳೆ ಆಯಿಲ್ ಕ್ಯಾಪ್ ಒಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ. ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಹಲಗೆಗೆ ಕಟ್ಟಿ, ಒಂದೊಂದು ಕಾಲು ಅರ್ಧ ಮೀಟರ್ ಉದ್ದವಿರಲಿ. ಬಣ್ಣದ ನೀರು ಅರ್ಧ ತುಂಬಿಸಿ. ಒಂದು ತುದಿ ಕ್ಯಾಪ್‌ಗೆ, ಇನ್ನೊಂದು ತೆರೆದಿರಲಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ನೀರು ಎಂಜಿನ್ ಕಡೆ ಏರಿದರೆ ಸರಿ, ಎಳೆತ ಇದೆ. ತೆರೆದ ಕಡೆ ಏರಿದರೆ ಎಲ್ಲೋ ದಾರಿ ಕಟ್ಟಿದೆ. ಎರಡು ಕಾಲುಗಳ ನೀರಿಗೆ 25 ಮಿ.ಮೀ. ವ್ಯತ್ಯಾಸ ಅಂದರೆ ಸುಮಾರು 0.25 ಕಿಲೋಪ್ಯಾಸ್ಕಲ್. ಕ್ಯಾನ್ ಹಾಕಿದ ಮೇಲೂ ಹೆಚ್ಚುಕಡಿಮೆ ಮೊದಲಿನಷ್ಟೇ ಬರಬೇಕು. ಎಳೆತ ತೀರಾ ಕಡಿಮೆಯಾಗಿದ್ದರೆ ನಿಪ್ಪಲ್, ಹೋಸ್ ಮತ್ತೆ ನೋಡಿ.

ಹಂತ 6: ಖಾಲಿ ಮಾಡಿ

ಮೊದಲ 500 ಕಿ.ಮೀ.ಗೆ ಒಮ್ಮೆ ತೆರೆದು ನೋಡಿ. ಎಷ್ಟು ತುಂಬಿದೆ ಅನ್ನುವುದರ ಮೇಲೆ ಮುಂದಿನ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಟ್ರ್ಯಾಕ್‌ಗೆ ಹೋದರೆ ಪ್ರತಿ ಸೆಷನ್ ಆದ ಮೇಲೂ ನೋಡಿ. ಮಡಿಕೇರಿಯ ಮಳೆಗಾಲದಲ್ಲಿ ಸಣ್ಣ ಸಣ್ಣ ದೂರ ಓಡಿಸುವವರಿಗೆ ಕಾಫಿ ಬಣ್ಣದ ನೀರು, ಬೆಣ್ಣೆಯಂಥ ನೊರೆ ಸಿಗುತ್ತದೆ. ಹೆದರಬೇಡಿ, ಅದು ಎಂಜಿನ್ ಒಳಗೆ ಕೂತ ತೇವ. ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಬಗ್ಗೆ ಯೋಚಿಸಿ. ಕ್ಯಾನ್‌ನಲ್ಲಿ ಸಿಕ್ಕಿದ್ದನ್ನು ಮತ್ತೆ ಎಂಜಿನ್‌ಗೆ ಸುರಿಯಬೇಡಿ, ಅದರಲ್ಲಿ ಪೆಟ್ರೋಲ್, ನೀರು ಎಲ್ಲ ಬೆರೆತಿರುತ್ತದೆ. ಚರಂಡಿಗೂ ಬೇಡ. ಡಬ್ಬದಲ್ಲಿ ಕೂಡಿಟ್ಟು, ಸರ್ವೀಸ್‌ಗೆ ಹೋದಾಗ ಹಳೆ ಆಯಿಲ್ ಡ್ರಮ್‌ಗೆ ಹಾಕಿಸಿ.