ಕೋಲಾರದಲ್ಲಿ ವಿಜ್ಞಾನ ಸಮ್ಮೇಳನ: ಗೋಷ್ಠಿಗಳಿಗೆ ನಿಮಿಷದ ಲೆಕ್ಕ

ಕೋಲಾರದಲ್ಲಿ ಅಂತರ್ಜಲದ ಬಗ್ಗೆ ಎರಡು ದಿನದ ಸಮ್ಮೇಳನ ಎಂದಿಟ್ಟುಕೊಳ್ಳಿ. ಬಂದ ಸಾರಲೇಖಗಳನ್ನು ರಸಾಯನಶಾಸ್ತ್ರ, ಭೂವಿಜ್ಞಾನ ಎಂದು ಹಂಚಿಬಿಡುವುದು ಸಲೀಸು; ಆಗ ಗೋಷ್ಠಿಯೂ ಸಪ್ಪೆ. ಒಂದು ಪ್ರಶ್ನೆ ಹಿಡಿದು ಗೋಷ್ಠಿ ಕಟ್ಟಿ. ‘ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, ಬಂದ ಕೆರೆಗಳ ಅಂಚಿನ ಕೊಳವೆಬಾವಿಗಳಲ್ಲಿ ಏನು ಬದಲಾಗಿದೆ?’ ಎಂದರೆ ಸೂಕ್ಷ್ಮಜೀವಿ ತಜ್ಞರೂ ಕೃಷಿಯವರೂ ಒಂದೇ ಕೋಣೆಗೆ ಬರುತ್ತಾರೆ. ಫ್ಲೋರೈಡ್ ಗೋಷ್ಠಿಯಲ್ಲಿ ನೀರು ಅಳೆಯುವವರ ಪಕ್ಕ ದಂತವೈದ್ಯರಿರಲಿ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದರೆ ಹಲ್ಲಿಗೆ ಏನಾಗುತ್ತದೆಂದು ನೋಡಿದವರು ಅವರು.

ಈಗ ಗಡಿಯಾರ. ಗೋಷ್ಠಿಗೆ 90 ನಿಮಿಷ. ಒಬ್ಬರಿಗೆ ಮಾತು 12, ಪ್ರಶ್ನೆ 3. ಭಾಗಿಸಿದರೆ ಆರು ಜನ ಹಿಡಿಸುತ್ತಾರೆ, ಆದರೂ ಐವರನ್ನೇ ಹಾಕಿ. ಉಳಿದ ಕಾಲು ಗಂಟೆ ಅಧ್ಯಕ್ಷರ ಪೀಠಿಕೆ, ಮೈಕ್ ಬದಲಾವಣೆ, ಕೊನೆಯ ಒಟ್ಟು ಚರ್ಚೆಗೆ ಬೇಕೇ ಬೇಕು. ಹತ್ತನೇ ನಿಮಿಷಕ್ಕೆ ಒಂದು ಸಲ ಗಂಟೆ ಹೊಡೆಯಲಿ, ಹನ್ನೆರಡಕ್ಕೆ ಎರಡು ಸಲ. ಗಂಟೆ ಹೊಡೆಯುವ ಕೆಲಸ ಅಧ್ಯಕ್ಷರಿಗೆ ಬೇಡ, ಸ್ವಯಂಸೇವಕರಿಗಿರಲಿ: ಹಿರಿಯರು ಗೆಳೆಯರನ್ನು ತಡೆಯಲು ಸಂಕೋಚಪಡುತ್ತಾರೆ.

ದಿನವನ್ನು ನುಂಗುವುದು ಉದ್ಘಾಟನೆ. ಪ್ರಾರ್ಥನೆ, ದೀಪ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಆಹ್ವಾನಪತ್ರಿಕೆಯಲ್ಲಿ 45 ನಿಮಿಷ ಎಂದಿದ್ದರೂ ವೇಳಾಪಟ್ಟಿಯಲ್ಲಿ 90 ಬಿಡಿ. ಬೆಂಗಳೂರಿನಿಂದ ಬರುವವರು ಸುಮಾರು 70 ಕಿ.ಮೀ. ದಾಟಬೇಕು, ಕೆ.ಆರ್. ಪುರದ ದಟ್ಟಣೆ ಬಿಡಬೇಕಲ್ಲ! ಹತ್ತಕ್ಕೆ ಮೊದಲು ಶುರುಮಾಡಬೇಡಿ.

ಸಮಾನಾಂತರ ಗೋಷ್ಠಿಗಳಿದ್ದರೆ, ಒಬ್ಬರ ಹೆಸರು ಒಂದೇ ಹೊತ್ತಿಗೆ ಎರಡು ಸಭಾಂಗಣಗಳಲ್ಲಿ ಬಿದ್ದಿದೆಯೇ ನೋಡಿ. ಸಹಲೇಖಕರ ಹೆಸರನ್ನೂ ಹುಡುಕಿ, ಎಡವುವುದು ಅಲ್ಲೇ. ಯಾರಾದರೂ ಗೈರಾದರೆ ಮುಂದಿನವರನ್ನು ಮೊದಲೇ ಕರೆಯಬೇಡಿ. 11.45ರ ಪ್ರಬಂಧ ಕೇಳಲೆಂದು ಪಕ್ಕದ ಕೋಣೆಯಿಂದ ಎದ್ದು ಬಂದವರಿಗೆ ಅದು ಮುಗಿದೇ ಹೋಗಿರುತ್ತದೆ. ಗೈರಾದವರ ಹೊತ್ತನ್ನು ಚರ್ಚೆಗೆ ಕೊಡಿ.

ಸ್ಲೈಡುಗಳನ್ನು ಹಿಂದಿನ ಸಂಜೆಯೇ ಸಭಾಂಗಣದ ಕಂಪ್ಯೂಟರಿಗೆ ಹಾಕಿ, ಜೊತೆಗೊಂದು ಪಿಡಿಎಫ್ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕನ್ನಡ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗುತ್ತದೆ. ಯುನಿಕೋಡ್ ಕೇಳಿ. ಪ್ರೊಜೆಕ್ಟರ್, ಮೈಕ್, ಕಂಪ್ಯೂಟರ್ ಮೂರಕ್ಕೂ ಯುಪಿಎಸ್ ಇರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ, ಜನರೇಟರ್ ಚಾಲೂ ಆಗುವಷ್ಟರಲ್ಲಿ ಕಂಪ್ಯೂಟರ್ ಆರಿ ಹೋಗಿರುತ್ತದೆ.

ಸಂಶೋಧನೆಯನ್ನು ಹಲಗೆಗೆ ಅಂಟಿಸಿ ತೋರಿಸುವ ಪೋಸ್ಟರ್ ಎ0 ಅಳತೆ, ಅಂದರೆ 841×1189 ಮಿ.ಮೀ., ಉದ್ದುದ್ದ ಎಂದು ಮೊದಲೇ ಬರೆದು ತಿಳಿಸಿ. ಇಲ್ಲದಿದ್ದರೆ ಅರ್ಧ ಜನ ಅಡ್ಡಡ್ಡ ಮುದ್ರಿಸಿ ತರುತ್ತಾರೆ, ಒಂದು ಮೀಟರ್ ಅಗಲದ ಹಲಗೆಯಿಂದ ಅಂಚು ಹೊರಗೆ ಜೋತಾಡುತ್ತದೆ. ಕಾಫಿಯನ್ನು ಪೋಸ್ಟರುಗಳ ನಡುವೆಯೇ ಇಡಿ.

ಎರಡನೇ ದಿನ ಮುದ್ದೆ ಊಟ ಮುಗಿದೊಡನೆ ಬೆಂಗಳೂರಿನವರು ಬ್ಯಾಗ್ ಎತ್ತುತ್ತಾರೆ. ಅತ್ಯುತ್ತಮ ಆಹ್ವಾನಿತ ಉಪನ್ಯಾಸವನ್ನು ಆ ಮಧ್ಯಾಹ್ನ 2ಕ್ಕೇ ಇಡಿ, ಪ್ರಮಾಣಪತ್ರಗಳನ್ನು ಅದಾದ ಮೇಲೆ ಕೊಡಿ.